ಕುಂಟೆಬಿಲ್ಲೆಯೂ ಎಲುಬಿನ ಲೆಕ್ಕವೂ

ಬದಿಯಡ್ಕದ ಹತ್ತಿರ ನಮ್ಮ ಮನೆ. ಅಡಿಕೆ ಒಣಹಾಕಿ ಅಂಗಳದಲ್ಲಿ ಒಂದಿಷ್ಟು ಜಾಗ ಉಳಿದರೆ ಅಲ್ಲಿ ಅಕ್ಕನ ಮಗಳ ಕುಂಟೆಬಿಲ್ಲೆ. ಒಡೆದ ಹಂಚಿನ ಚೂರನ್ನು ಕಲ್ಲಿಗೆ ಉಜ್ಜಿ ದುಂಡು ಮಾಡಿದ್ದೇ ಬಿಲ್ಲೆ. ಅವಳಿಗೀಗ ಹನ್ನೆರಡು. "ಇನ್ನು ಹೀಗೆಲ್ಲ ಹಾರಬಾರದು, ಗರ್ಭಕೋಶ ಜಾರ್ತದೆ" ಅಂತ ಆಚೆಮನೆ ಅತ್ತೆ ಹೇಳಿ ಹೋದರು.

ಆರೋಗ್ಯವಾಗಿರುವ ಹುಡುಗಿಗೆ ಹಾಗೇನೂ ಆಗುವುದಿಲ್ಲ. ಹಾರುವುದನ್ನು ನಿಲ್ಲಿಸಲು ಇದಕ್ಕಿಂತ ಕೆಟ್ಟ ವಯಸ್ಸು ಇನ್ನೊಂದಿಲ್ಲ. ದೊಡ್ಡವರ ಎಲುಬಿನಲ್ಲಿರುವ ಖನಿಜದ ಸುಮಾರು ಕಾಲುಭಾಗ ಜಮೆಯಾಗುವುದು ಹರೆಯದ ಎರಡೇ ವರ್ಷಗಳಲ್ಲಿ. ಹುಡುಗಿಯರಿಗೆ 12-13ರ ಸುಮಾರಿಗೆ, ಹುಡುಗರಿಗೆ 14ರ ಸುಮಾರಿಗೆ.

ಎಲುಬು ಅಂದರೆ ಸುಮ್ನೆ ಬಿದ್ದಿರುವ ಕಲ್ಲಲ್ಲ. ಒಳಗೆ ಸಣ್ಣ ಸಣ್ಣ ಗೂಡು, ಗೂಡಿಗೊಂದು ಜೀವಕೋಶ, ಗೂಡಿನಿಂದ ಗೂಡಿಗೆ ಕೂದಲಿಗಿಂತ ಸಪೂರದ ಕಾಲುವೆ, ಅದರಲ್ಲಿ ದ್ರವ. ಹಾರಿ ನೆಲಕ್ಕೆ ಬಿದ್ದಾಗ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಒದ್ದೆ ಸ್ಪಂಜು ಹಿಂಡಿದ ಹಾಗೆ ದ್ರವ ಆಚೀಚೆ ಓಡುತ್ತದೆ. ತೋಟದ ಕಣಿಯಲ್ಲಿ ನೀರು ಬಂದದ್ದು ಕಾಲಿಗೆ ಗೊತ್ತಾಗುತ್ತದಲ್ವಾ, ಹಾಗೇ ಜೀವಕೋಶಕ್ಕೂ ಗೊತ್ತಾಗುತ್ತದೆ. ಕೂಡಲೇ ಎಲುಬು ಕಟ್ಟುವ ಕೋಶಗಳಿಗೆ ಸುದ್ದಿ ಹೋಗುತ್ತದೆ: ಇಲ್ಲಿ ಭಾರ ಜಾಸ್ತಿ, ಇಲ್ಲೇ ಕಟ್ಟಿ.

ಆದರೆ ಈ ಕೋಶಗಳಿಗೆ ಬೇಗ ಬೇಜಾರು! ಮೀನಿನವನ ಮೊದಲ ಹಾರ್ನಿಗೆ ಪಾತ್ರೆ ಹಿಡಿದು ಓಡುತ್ತೇವೆ, ಇಪ್ಪತ್ತನೆಯದಕ್ಕೆ ತಿರುಗಿಯೂ ನೋಡುವುದಿಲ್ಲ. ಇವೂ ಅಷ್ಟೇ. ಕೆಲವು ಹತ್ತು ಸಲ ಹಾರಿದ ಮೇಲೆ ಕಿವಿ ಮಂದವಾಗುತ್ತದೆ, ಪುನಃ ಚುರುಕಾಗಲು ಕೆಲವು ಗಂಟೆ ಬೇಕು. ಹಾಗಾಗಿ ಸ್ವಲ್ಪ ಹಾರು, ನಿಲ್ಲು, ದಿಕ್ಕು ಬದಲಿಸು, ಸಂಜೆ ಪುನಃ ಬಾ ಎನ್ನುವ ಕುಂಟೆಬಿಲ್ಲೆಯಂಥ ಆಟ ಎಲುಬಿಗೆ ಹೇಳಿ ಮಾಡಿಸಿದ್ದು. ಈಜು ಹೃದಯಕ್ಕೆ ಒಳ್ಳೆಯದೇ, ಆದರೆ ನೀರು ಭಾರ ಹೊರುವುದರಿಂದ ಎಲುಬಿಗೆ ಅಷ್ಟು ಸುದ್ದಿ ಮುಟ್ಟುವುದಿಲ್ಲ.

ಹೊರುವ ಭಾರಕ್ಕೆ ತಕ್ಕಂತೆ ಎಲುಬು ರೂಪ ಬದಲಿಸುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲೇ ಬರೆದಿದ್ದ. ಅವನಿಗೂ ಮುಂಚೆ, 1638ರಲ್ಲಿ, ಟೊಳ್ಳು ಎಲುಬು ಯಾಕೆ ಗಟ್ಟಿ ಎಂದು ಗೆಲಿಲಿಯೋ ತಲೆ ಕೆಡಿಸಿಕೊಂಡಿದ್ದ. ಅಡಿಕೆ ಮರ ಸೀಳಿ ಸಲಾಕೆ ಮಾಡಿದವರು ಅವನಿಗೆ ಹೇಳಬಹುದಿತ್ತು: ಗಟ್ಟಿ ಎಲ್ಲ ಹೊರಗೆ, ನಡುವೆ ಬರೀ ಮೆದು. ಭಾರ ಬಿದ್ದರೆ ಎಲುಬು ಗಟ್ಟಿ, ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಇದರ ಉಲ್ಟಾ. ಅಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಕರಗುತ್ತದೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ಯೂಷನ್ ಮುಗಿಸಿ ಬರುವಾಗಲೇ ನಮ್ಮ ಮಕ್ಕಳಿಗೆ ಕತ್ತಲಾಗಿರುತ್ತದೆ.

ಆಟದಿಂದ ಗುಣ ಬೆಳೆಯುತ್ತದೆ ಎಂದು ಭಾಷಣ ಮಾಡುವುದು ಸುಲಭ. ನಾನದನ್ನು ನೋಡಿದ್ದು ಕೊಯ್ಲಾದ ಗದ್ದೆಯ ಕಬಡ್ಡಿಯಲ್ಲಿ. ಔಟಾದವನು ಹೊರಗೆ ಕೂರಬೇಕು. ತಂಡದವರು ಎದುರಾಳಿಯನ್ನು ಔಟ್ ಮಾಡಿದರಷ್ಟೇ ಒಳಗೆ ಬರಬಹುದು, ಅದೂ ಸರದಿಯಂತೆ. ಎಂಥ ಸಿಡುಕನೂ ಅಲ್ಲಿ ಗಂಟಲು ಹರಿಯುವಂತೆ ಬೇರೆಯವರನ್ನು ಹುರಿದುಂಬಿಸುತ್ತಾನೆ.

ನಮ್ಮ ಹುಡುಗಿಗೆ ಆ ಬುದ್ಧಿ ಇನ್ನೂ ಬಂದಿಲ್ಲ. ಸೋತರೆ ಬಿಲ್ಲೆಯದ್ದೇ ತಪ್ಪು. ಈಗಲೂ ಹಟ್ಟಿಯ ಹಿಂದೆ ಹೊಸ ಹಂಚು ಹುಡುಕುತ್ತಿದ್ದಾಳೆ.