ಇನ್‌ಸ್ಟಾಗ್ರಾಮಿಗೆ ದುಡ್ಡು ಹಾಕಿದೆ, ಕೆಲಸ ಬರಲಿಲ್ಲ; ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕು. ಪುಣೆಯ ಧಾಯರಿಯಲ್ಲಿ ನೀರಿನ ಟ್ಯಾಂಕ್ ತೊಳೆಯುವ ಸಣ್ಣ ಕಂಪನಿ ನಡೆಸುತ್ತಿದ್ದೇನೆ. ನಾನು, ಮೂವರು ಹುಡುಗರು. ಲೆಕ್ಕಪತ್ರ ಹೆಂಡತಿ ನೋಡಿಕೊಳ್ಳುತ್ತಾಳೆ. ಎರಡು ತಿಂಗಳು ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ದುಡ್ಡು ಹಾಕಿದೆ. ಲೈಕ್ ಬಂದವು, ಕೆಲಸ ಬರಲಿಲ್ಲ. ತಿಂಗಳಿಗೆ ಮೂರು ಸಾವಿರಕ್ಕಿಂತ ಹೆಚ್ಚು ಹಾಕುವ ಶಕ್ತಿ ಇಲ್ಲ. ಪಾಂಪ್ಲೆಟ್ ಹಂಚಲೇ? ಎಲ್ಲಿಂದ ಶುರು ಮಾಡಲಿ, ಸರ್?

ಉತ್ತರ: ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ಪಾಂಪ್ಲೆಟ್, ವಿಸಿಟಿಂಗ್ ಕಾರ್ಡ್, ಸ್ಟಿಕರ್ ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು. ಆದರೂ ಹೇಳುತ್ತೇನೆ, ಪಾಂಪ್ಲೆಟ್ ಈಗ ಬೇಡ. ಮೊದಲು ನಿಮ್ಮ ಗಿರಾಕಿ ಯಾರು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ.

ರಾತ್ರಿ ಮಲಗುವ ಮುಂಚೆ ರೀಲ್ ನೋಡುವವರು ನಿಮ್ಮ ಗಿರಾಕಿಯಲ್ಲ. ಟ್ಯಾಂಕ್ ಇರುವುದು ಸೊಸೈಟಿಯದು, ಅಂದರೆ ಫ್ಲ್ಯಾಟ್ ಮಾಲೀಕರ ಸಹಕಾರ ಸಂಘದ್ದು. ತೊಳೆಸಬೇಕೆಂದು ತೀರ್ಮಾನಿಸುವವರು ಚೇರ್ಮನ್, ಸೆಕ್ರೆಟರಿ, ಖಜಾಂಚಿ. ಅವರು ಸಾಮಾನ್ಯವಾಗಿ ಮೂರು ಕಡೆಯಿಂದ ಕೊಟೇಶನ್ ತರಿಸಿ, ಕಮಿಟಿ ಮೀಟಿಂಗಿನಲ್ಲಿ ಇಡುತ್ತಾರೆ. ಆ ಮೀಟಿಂಗಿನಲ್ಲಿ ನೀವು ಇರುವುದಿಲ್ಲ, ನಿಮ್ಮ ಕಾಗದ ಮಾತ್ರ ಇರುತ್ತದೆ. ಅಂದಮೇಲೆ ನಿಮ್ಮ ಅತಿ ಮುಖ್ಯ ಜಾಹೀರಾತು ಆ ಒಂದು ಹಾಳೆ.

ನನ್ನ ಅಂಗಡಿಗೆ ಬರುವ ಕೊಟೇಶನ್‌ಗಳಲ್ಲಿ ಹೆಚ್ಚಿನವು ಎರಡೇ ಸಾಲು: 'ಟ್ಯಾಂಕ್ ಕ್ಲೀನಿಂಗ್, ಇಷ್ಟು ರೂಪಾಯಿ.' ಮೂರೂ ಹಾಳೆ ಹೀಗೇ ಇದ್ದರೆ ಕಮಿಟಿಯವರು ನೋಡುವುದು ರೇಟು ಒಂದನ್ನೇ. ನೀವು ಟೆರೇಸಿಗೆ ಹತ್ತಿ, ನೆಲದೊಳಗಿನ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿ ಬಂದು ಬರೆಯಿರಿ. ಯಾವ ವಿಂಗಿನಲ್ಲಿ ಎಷ್ಟು ಲೀಟರಿನ ಟ್ಯಾಂಕ್, ತಳದ ಕೆಸರು ಹೇಗೆ ತೆಗೆಯುತ್ತೀರಿ, ಎಷ್ಟು ಹೊತ್ತು ನೀರು ಬಂದ್ ಇರುತ್ತದೆ, ಒಳಗೆ ಇಳಿಯುವ ಹುಡುಗನಿಗೆ ಬೆಲ್ಟು, ಗಾಳಿ, ಮೇಲೊಬ್ಬ ಕಾವಲು ಇದೆಯೇ, ಎಲ್ಲ ಇರಲಿ. ಕೊನೆಯದಂತೂ ಬಿಡಲೇಬೇಡಿ. ಮುಚ್ಚಿದ ಟ್ಯಾಂಕಿನೊಳಗೆ ಉಸಿರುಗಟ್ಟಿ ಜೀವ ಹೋದ ಸುದ್ದಿ ಸೆಕ್ರೆಟರಿಯೂ ಓದಿರುತ್ತಾರೆ. ತಮ್ಮ ಕಟ್ಟಡದಲ್ಲಿ ಹಾಗಾಗಬಾರದು ಎಂಬ ಭಯ ಅವರಿಗೆ ರೇಟಿಗಿಂತ ದೊಡ್ಡದು. ಈ ಹಾಳೆ ಮರಾಠಿಯಲ್ಲಿರಲಿ. ನಿಮ್ಮ ಮರಾಠಿ ಅಷ್ಟಕ್ಕಷ್ಟೇ ಅನ್ನಿಸಿದರೆ, ತಿಂಗಳ ಮೂರು ಸಾವಿರದಲ್ಲಿ ಮೊದಲ ಖರ್ಚು ಒಳ್ಳೆಯ ಮರಾಠಿ ಬರೆಯುವವರಿಗೆ ಕೊಡುವ ಸಂಭಾವನೆ.

ಹೊತ್ತು ಗೊತ್ತು ಕೂಡ ಮುಖ್ಯ. ಮಹಾರಾಷ್ಟ್ರದಲ್ಲಿ ಸಹಕಾರಿ ಹೌಸಿಂಗ್ ಸೊಸೈಟಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು. ವರ್ಷದ ಕರಾರಿನ ಕೊಟೇಶನ್ ಜುಲೈ, ಆಗಸ್ಟಿನಲ್ಲೇ ಅವರ ಕೈಯಲ್ಲಿರಲಿ. ದೀಪಾವಳಿಗೆ ಹೋಗಿ ಕೊಟ್ಟರೆ 'ಮುಂದಿನ ವರ್ಷ ನೋಡೋಣ' ಅನ್ನುತ್ತಾರೆ.

ಇನ್ನು ಫೋನಿನಲ್ಲಿ ಹುಡುಕುವವರು. ನೀರು ವಾಸನೆ ಬಂದ ದಿನ ಸೆಕ್ರೆಟರಿ ಗೂಗಲ್ ತೆರೆದು 'ವಾಟರ್ ಟ್ಯಾಂಕ್ ಕ್ಲೀನಿಂಗ್ ನಿಯರ್ ಮಿ' ಎಂದು ಹಾಕುತ್ತಾರೆ. ಆಗ ಮ್ಯಾಪಿನ ಮೇಲೆ ನಿಮ್ಮ ಹೆಸರು ಕಾಣಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲಿಗೆ ಒಂದು ಪೈಸೆ ಖರ್ಚಿಲ್ಲ. ಅಂಗಡಿ ಇಲ್ಲದಿದ್ದರೆ ಮನೆ ವಿಳಾಸ ಮುಚ್ಚಿಟ್ಟು, ಕೆಲಸ ಮಾಡುವ ಏರಿಯಾಗಳನ್ನಷ್ಟೇ ತೋರಿಸಬಹುದು: ಧಾಯರಿ, ನರ್ಹೆ, ವಡಗಾಂವ್, ಸಿಂಹಗಡ ರಸ್ತೆ. ಹೆಸರಿನ ಜಾಗದಲ್ಲಿ ಕಂಪನಿಯ ನಿಜವಾದ ಹೆಸರನ್ನೇ ಹಾಕಿ. 'ಪುಣೆಯ ನಂಬರ್ ಒನ್ ಟ್ಯಾಂಕ್ ಕ್ಲೀನಿಂಗ್' ಎಂದೆಲ್ಲ ತುರುಕಿದರೆ ಪ್ರೊಫೈಲೇ ಬಂದ್ ಆಗುವ ಅಪಾಯವಿದೆ.

ರಿವ್ಯೂ ಕೇಳಲು ನಾಚಿಕೆ ಬೇಡ, ಆದರೆ ಯಾವಾಗ ಕೇಳುತ್ತೀರಿ ಅನ್ನುವುದು ಮುಖ್ಯ. ತೊಳೆದ ಟ್ಯಾಂಕಿನೊಳಗೆ ಟಾರ್ಚ್ ಹಾಕಿ ಸೆಕ್ರೆಟರಿಗೆ ತೋರಿಸುತ್ತೀರಲ್ಲ, ಬಿಳಿ ತಳ ಕಂಡು ಅವರ ಮುಖ ಅರಳುತ್ತದಲ್ಲ, ಆಗ ಕೇಳಿ. ಲಿಂಕ್ ಅಲ್ಲೇ ಕಳಿಸಿ. ರಿವ್ಯೂ ಬರೆದರೆ ರಿಯಾಯಿತಿ ಅಂತ ಮಾತ್ರ ಹೇಳಬೇಡಿ, ಗೂಗಲ್ ಅದನ್ನು ಒಪ್ಪುವುದಿಲ್ಲ.

ಈಗ ನನ್ನ ಕಸುಬಿನ ಮಾತು. ಪ್ರತಿ ಕೆಲಸ ಮುಗಿದ ಮೇಲೆ ಪಂಪ್ ರೂಮಿನ ಬಾಗಿಲ ಮೇಲೆ ಅಂಗೈ ಅಗಲದ ಸ್ಟಿಕರ್ ಅಂಟಿಸಿ. ತೊಳೆದ ತಾರೀಕು, ಮುಂದೆ ತೊಳೆಯಬೇಕಾದ ತಾರೀಕು, ನಿಮ್ಮ ನಂಬರು. ವಾಚ್‌ಮನ್ ದಿನಾ ಮೋಟರ್ ಹಾಕಲು ಆ ಬಾಗಿಲು ತೆಗೆಯುತ್ತಾನೆ. ಆರು ತಿಂಗಳ ಮೇಲೆ 'ಸಾಹೇಬ್, ತಾರೀಕ್ ಝಾಲಿ' (ತಾರೀಕು ಬಂತು) ಎಂದು ಸೆಕ್ರೆಟರಿಗೆ ನೆನಪಿಸುವವನು ಅವನೇ. ಕೆಲವು ವರ್ಷದ ಹಿಂದೆ ಪೆಸ್ಟ್ ಕಂಟ್ರೋಲ್ ಮಾಡುವ ಒಬ್ಬರಿಗೆ ಹಳದಿ ಸ್ಟಿಕರಿನ ಮೇಲೆ ಕೆಂಪಿನಲ್ಲಿ ನಂಬರು ಹಾಕಿಕೊಟ್ಟಿದ್ದೆ. ನೋಡಲು ಕಣ್ಣಿಗೆ ಹೊಡೆಯುವಂತಿತ್ತು. ಏಪ್ರಿಲ್, ಮೇ ಬಿಸಿಲು ಕಳೆದು ಅವರ ಜೊತೆ ಒಂದು ಸೊಸೈಟಿಗೆ ಹೋದರೆ ಗೇಟಿನ ಮೇಲಿನ ಸ್ಟಿಕರ್ ಹಾಗೇ ಇತ್ತು, ನಂಬರು ಮಾತ್ರ ಮಾಸಿ ಹೋಗಿತ್ತು. ಬಿಸಿಲಿಗೆ ಕೆಂಪು, ಹಳದಿ ಇಂಕು ಬೇಗ ಮಾಸುತ್ತವೆ, ಕಪ್ಪು ತಡೆಯುತ್ತದೆ. ಗೊತ್ತಿದ್ದೂ ನಾನು ಹೇಳಲಿಲ್ಲ. ಆ ತಪ್ಪು ಇವತ್ತಿಗೂ ನನಗೆ ಚುಚ್ಚುತ್ತದೆ. ನಿಮ್ಮ ನಂಬರು ಬಿಳಿ ಮೇಲೆ ಕಪ್ಪಿನಲ್ಲಿರಲಿ, ಮೇಲೆ ಲ್ಯಾಮಿನೇಶನ್ ಇರಲಿ, ತಾರೀಕು ಬರೆಯಲು ಪರ್ಮನೆಂಟ್ ಮಾರ್ಕರ್ ಬಳಸಿ.

ನಮ್ಮವರನ್ನೂ ಮರೆಯಬೇಡಿ. ಪುಣೆಯಲ್ಲಿ ಹೋಟೆಲ್ ನಡೆಸುವ ತುಳುವರು, ಕನ್ನಡಿಗರು ಎಷ್ಟಿದ್ದಾರೆ! ಅವರಿಗೆ ಟ್ಯಾಂಕ್ ತೊಳೆಯುವುದು ಬರೀ ಶುಚಿಯ ಮಾತಲ್ಲ. ನೀರಿನ ಟ್ಯಾಂಕನ್ನು ಆಗಾಗ ತೊಳೆಸಿ ಅದರ ದಾಖಲೆ ಇಟ್ಟಿರಬೇಕು ಎಂದು ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತದೆ. ತಾರೀಕು, ಫೋಟೊ, ಸಹಿ ಇರುವ ಸರ್ಟಿಫಿಕೇಟ್ ಕೊಡಿ. ಇನ್‌ಸ್ಪೆಕ್ಟರ್ ಬಂದ ದಿನ ಹೋಟೆಲಿನವರು ಅದನ್ನು ತೆಗೆದು ತೋರಿಸುತ್ತಾರೆ, ಪಕ್ಕದ ಹೋಟೆಲಿನವರಿಗೂ ನಿಮ್ಮ ಹೆಸರು ಹೇಳುತ್ತಾರೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಕಾರ್ಡು ಹಂಚುತ್ತ ತಿರುಗಬೇಡಿ, ಮಾತಾಡಿ, ಪರಿಚಯ ಮಾಡಿಕೊಳ್ಳಿ. ಹತ್ತು ಕೆಲಸ ಕನ್ನಡದಿಂದ ಸಿಗಬಹುದು, ಹನ್ನೊಂದನೆಯದಕ್ಕೆ ಮರಾಠಿ ಬೇಕೇ ಬೇಕು.

ವಾಟ್ಸಾಪ್ ಬಿಸಿನೆಸ್ ಇಟ್ಟುಕೊಳ್ಳಿ, ಅದೂ ಉಚಿತ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕೆಲಸ ಮುಗಿದ ಕೂಡಲೇ 'ನಂಬರ್ ಸೇವ್ ಮಾಡಿಕೊಳ್ಳಿ ಸರ್' ಎಂದು ಎದುರಿಗೇ ಹೇಳಿ.

ಹೆದರಿಸಿ ಕೆಲಸ ಕೇಳುವುದು ಬೇಡ. 2025ರ ಜನವರಿಯಲ್ಲಿ ನಿಮ್ಮ ಸಿಂಹಗಡ ರಸ್ತೆಯ ಕಡೆಯೇ ನರಗಳಿಗೆ ಹೊಡೆತ ಕೊಟ್ಟು ಕೈಕಾಲಿನ ಬಲ ಕುಗ್ಗಿಸುವ ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್) ಕಾಯಿಲೆ ಕಾಣಿಸಿಕೊಂಡು, ಜನ ನೀರು ಮುಟ್ಟಲೂ ಅಂಜಿದ್ದರು. 'ನಮ್ಮಿಂದ ತೊಳೆಸಿದರೆ ಕಾಯಿಲೆ ಬರುವುದಿಲ್ಲ' ಎಂದು ಬರೆದರೆ ಅದು ಸುಳ್ಳು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ದಾರಿ ತಪ್ಪಿಸುವ ಜಾಹೀರಾತೂ ಆಗುತ್ತದೆ. ನೀವು ತೊಳೆಯುವುದು ಟ್ಯಾಂಕನ್ನು. ನಲ್ಲಿಯಲ್ಲಿ ಬರುವ ನೀರಿಗೆ ನೀವು ಹೊಣೆ ಹೊರಲಾರಿರಿ. ಅಷ್ಟನ್ನೇ ನೇರವಾಗಿ ಹೇಳುವವರ ಮೇಲೆ ಜನಕ್ಕೆ ನಂಬಿಕೆ ಹುಟ್ಟುತ್ತದೆ.

ಗೋಡೆ, ಕಂಬಗಳಿಗೆ ಪೋಸ್ಟರ್ ಅಂಟಿಸಬೇಡಿ, ಅದು ಅಪರಾಧ. ಇನ್‌ಸ್ಟಾಗ್ರಾಮ್ ಜಾಹೀರಾತು ಪೂರ್ತಿ ಬಿಡಬೇಕೆಂದಿಲ್ಲ. ಬೇರೆಲ್ಲ ಸರಿಹೋದ ಮೇಲೆ, ಮಳೆಗಾಲಕ್ಕೆ ಮುಂಚೆ, ನಿಮ್ಮ ಏರಿಯಾದ ಸುತ್ತ ಮಾತ್ರ ಕಾಣುವಂತೆ, ನೇರ ವಾಟ್ಸಾಪ್ ತೆರೆಯುವಂತೆ ಹಾಕಿ ನೋಡಿ. ಆ ಜಾಹೀರಾತಿನ ಬಿಲ್ಲಿನ ಮೇಲೆ 18% ಜಿಎಸ್‌ಟಿ ಸೇರುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ.

ಕೊನೆಗೆ ಫೋನಿನ ವಿಷಯ. ನೀವು ಟ್ಯಾಂಕಿನೊಳಗೆ ಇಳಿದಿರುವಾಗ ಫೋನ್ ಎತ್ತುವವರು ಯಾರು? ಮೂರು ಕಂಪನಿಗೆ ಫೋನ್ ಹಚ್ಚಿದ ಸೆಕ್ರೆಟರಿ, ಮೊದಲು ಎತ್ತಿದವರನ್ನೇ ಕರೆದುಬಿಡುತ್ತಾರೆ. ಬಿಸಿನೆಸ್ ನಂಬರಿನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ಮನೆಯವರು ಎತ್ತಿ, ಸೊಸೈಟಿಯ ಹೆಸರು ಕೇಳಿ, 'ನಮ್ಮ ನಂಬರು ಎಲ್ಲಿ ಸಿಕ್ಕಿತು?' ಎಂದೂ ಕೇಳಿ, ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಮಾಡಿ ಬರೆದಿಡಲಿ. ಮೂರು ತಿಂಗಳಾದ ಮೇಲೆ ಆ ಪುಟ ತೆಗೆದುಕೊಂಡು ನನ್ನ ಅಂಗಡಿಗೆ ಬನ್ನಿ. ಪಾಂಪ್ಲೆಟ್ ಬೇಕೋ ಬೇಡವೋ ಅದನ್ನು ನೋಡಿಯೇ ಹೇಳುತ್ತೇನೆ.