ಬಿಸಿಲೂರಿನ ಟಯರಿಗೆ ಬಾಟಲಿಯ ಲೆಕ್ಕ ನಡೆಯಲ್ಲ

ಟ್ಯೂಬ್‌ಲೆಸ್, ಅಂದರೆ ಟ್ಯೂಬ್ ಇಲ್ಲದ ಟಯರಿನ ಮೌಂಟನ್ ಬೈಕ್ ಸೈಕಲ್ ಇಟ್ಟುಕೊಂಡವರು ಬೇಸಿಗೆಯಲ್ಲಿ ಅಂಗಡಿಗೆ ಬಂದರೆ ಮಾತು ಹೆಚ್ಚುಕಡಿಮೆ ಒಂದೇ: ‘ಅಣ್ಣಾರ, ಸೀಲಂಟ್ ಹಾಕ್ಸಿ ಮೂರ್ ತಿಂಗ್ಳ ಸೈತ ಆಗಿಲ್ರಿ, ಮತ್ಯಾಕ ಹವಾ ಹೋಗ್ಲಾಕತ್ತದ? ಬಾಟ್ಲಿ ಮ್ಯಾಲ ಆರ್ ತಿಂಗ್ಳ ಅಂತ ಬರ್ದಾರಲ್ರಿ!’

ಟಯರ್ ಬಿಚ್ಚಿದರೆ ಉತ್ತರ ಒಳಗೇ ಸಿಗುತ್ತದೆ. ತೂತು ಮುಚ್ಚಲೆಂದು ತುಂಬಿದ್ದ ಬಿಳಿ ದ್ರವದ, ಅಂದರೆ ಸೀಲಂಟಿನ, ಸುಳಿವೇ ಇಲ್ಲ. ಒಳಮೈಗೆ ತೆಳ್ಳನೆಯ ರಬ್ಬರ್ ಪೊರೆ ಅಂಟಿದೆ. ಗೋಲಿಯಷ್ಟು ದೊಡ್ಡ ರಬ್ಬರ್ ಉಂಡೆಯೊಂದು ಉರುಳಾಡುತ್ತಿದೆ.

ಬಾಟಲಿಯವರು ಸುಳ್ಳು ಬರೆದಿಲ್ಲ. ಸೀಲಂಟ್ ಮಾಡುವ ಸ್ಟ್ಯಾನ್ಸ್ ಕಂಪನಿಯವರು ತಮ್ಮದು 2ರಿಂದ 7 ತಿಂಗಳು ದ್ರವವಾಗಿ ಇರುತ್ತದೆ ಅನ್ನುತ್ತಾರೆ. ಆ 2 ತಿಂಗಳ ಮಾತು ನಮ್ಮ ಕಲಬುರಗಿಗೆ, 7 ತಿಂಗಳದ್ದು ತಂಪು ದೇಶಕ್ಕೆ ಅಂತ ಓದಿಕೊಳ್ಳಬೇಕು, ಅಷ್ಟೇ. ಸೀಲಂಟ್ ಅಂದರೆ ನೀರಿನಲ್ಲಿ ತೇಲುವ ರಬ್ಬರಿನ ಕಣಗಳು, ಅಂದರೆ ಲೇಟೆಕ್ಸ್. ಅದು ಗಟ್ಟಿಯಾಗದಿರಲಿ ಅಂತ ಸಾಮಾನ್ಯವಾಗಿ ಅಮೋನಿಯಾ ಸೇರಿಸಿರುತ್ತಾರೆ. ಮೂಗಿಗೆ ಹೊಡೆಯುವ ವಾಸನೆ ಅದರದ್ದೇ. ಮುಳ್ಳು ಚುಚ್ಚಿದಾಗ ಹವಾ ಜೊತೆ ಈ ದ್ರವವೂ ತೂತಿನಿಂದ ನುಗ್ಗುತ್ತದೆ. ಅಲ್ಲಿ ಕಣಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಲು ಒಡೆದಂತೆ ಗಡ್ಡೆಕಟ್ಟುತ್ತವೆ, ತೂತು ಮುಚ್ಚುತ್ತದೆ. ಆದರೆ ತೂತೇ ಇಲ್ಲದಿದ್ದರೂ ನೀರಿನಂಶ ಟಯರಿನ ಗೋಡೆಯ ಮೂಲಕ ದಿನವೂ ಒಂದಿಷ್ಟು ಆರಿಹೋಗುತ್ತಲೇ ಇರುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು, ಮೇಲೆ ತಗಡಿನ ಶೆಡ್, ಕೆಳಗೆ ಕಾದ ಶಹಾಬಾದ್ ಕಲ್ಲು. ಅಲ್ಲಿ ನಿಲ್ಲಿಸಿದ ಸೈಕಲ್ಲಿನಲ್ಲಿ ಅದು ಎಷ್ಟು ದಿನ ಉಳಿದೀತು?

‘ಹಂಗಾದ್ರ ಒಣಗಲಾರದ್ದೇ ಕೊಡ್ರಿ’ ಅನ್ನುವವರಿದ್ದಾರೆ. ಮೋಟರ್ ಬೈಕಿಗೆ ಹಾಕುವ ಪಂಚರ್ ಜೆಲ್ ಅವರ ಮನಸ್ಸಿನಲ್ಲಿರುತ್ತದೆ. ಅದು ಗ್ಲೈಕಾಲ್‌ನಲ್ಲಿ ನಾರು ಬೆರೆಸಿದ ಮಂದ ದ್ರವ, ಒಣಗುವುದು ತೀರಾ ನಿಧಾನ, ನಿಜ. ಆದರೆ ಸೈಕಲ್ ಟಯರಿನ ಕಥೆಯೇ ಬೇರೆ. 1999ರಲ್ಲಿ ಮಾವಿಕ್ ಕಂಪನಿ ಮೌಂಟನ್ ಬೈಕಿಗೆ ತಂದ ಯುಎಸ್‌ಟಿ ಅನ್ನೋ ಟ್ಯೂಬ್‌ಲೆಸ್ ಪದ್ಧತಿಯ ಟಯರುಗಳು ದಪ್ಪ, ಭಾರ. ಸೀಲಂಟ್ ಇಲ್ಲದೆಯೂ ಹವಾ ಹಿಡಿಯುತ್ತಿದ್ದವು. ಈಗ ಬರುವ ‘ಟ್ಯೂಬ್‌ಲೆಸ್ ರೆಡಿ’ ಟಯರುಗಳು ತೆಳುವು, ಹಗುರ. ಅವುಗಳ ಪಕ್ಕದ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಲೇಟೆಕ್ಸ್ ಅಲ್ಲಿ ಒಣಗಿ ಕೂತು ಗೋಡೆಯನ್ನು ಗಟ್ಟಿಮಾಡುತ್ತದೆ. ಒಣಗದ ಜೆಲ್ ಈ ಕೆಲಸ ಮಾಡಲ್ಲ. ಸಾಲದ್ದಕ್ಕೆ ಗಾಲಿ ಭಾರ ಆಗುತ್ತದೆ. ಮುಂದೆ ಒಳಗಿಂದ ಪ್ಯಾಚ್ ಹಚ್ಚಬೇಕಾಗಿ ಬಂದರೆ ಜಿಡ್ಡು ಪೂರ್ತಿ ತೊಳೆಯುವ ತನಕ ಸೊಲ್ಯೂಷನ್ ಹಿಡಿಯಲ್ಲ. ಬೇಗ ಮುಚ್ಚುವ ಸೀಲಂಟ್ ಬೇಗ ಒಣಗುತ್ತದೆ, ತಡವಾಗಿ ಒಣಗುವುದು ತಡವಾಗಿಯೇ ಮುಚ್ಚುತ್ತದೆ. ಎರಡೂ ಒಂದೇ ಬಾಟಲಿಯಲ್ಲಿ ಸಿಗಲ್ಲ. ನಮ್ಮ ಕಡೆಯ ಮುಳ್ಳು ನೋಡಿದರೆ ಬೇಗ ಮುಚ್ಚುವುದನ್ನೇ ತಗೊಂಡು ಆಗಾಗ ನೋಡಿಕೊಳ್ಳೋದು ಸರಿ ಅಂತ ನನ್ನ ಅಭಿಪ್ರಾಯ.

ಮುಳ್ಳಿಗೇನು ಬರ ಇಲ್ಲಿ? ಊರು ದಾಟಿದರೆ ಬಳ್ಳಾರಿ ಜಾಲಿ. ಹೊಲದ ಬದುವಿನಲ್ಲಿ ನೆಗ್ಗಿನ ಮುಳ್ಳು, ಯಾವ ಕಡೆ ಬಿದ್ದರೂ ಒಂದು ಮೊನೆ ಮೇಲೆ ನೋಡುತ್ತಲೇ ಇರುತ್ತದೆ. ಎಳ್ಳಮಾವಾಸ್ಯೆ ಆಚೀಚೆ ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕತ್ತರಿಸಿ ಉಳಿದ ಕೂಳೆ ಇನ್ನೂ ಕೆಟ್ಟದ್ದು. ಮುಳ್ಳು ಮಾಡಿದ ತೂತನ್ನು ಸೀಲಂಟ್ ಸಲೀಸಾಗಿ ಮುಚ್ಚುತ್ತದೆ. ಕೂಳೆ ಸೀಳಿದ್ದಕ್ಕೆ ಹೊರಗಿನಿಂದ ತುರುಕುವ ರಬ್ಬರ್ ಪ್ಲಗ್ಗೇ ಬೇಕು. ಚಿಂಚೋಳಿ ಕಾಡಿನ ಕಡೆ ಹೋಗುವವರು ಪ್ಲಗ್ ಇಲ್ಲದೆ ಹೊರಡಬೇಡಿ.

29 ಇಂಚಿನ ಗಾಲಿಗೆ ನಾನು 120 ಎಂಎಲ್ ಹಾಕುತ್ತೇನೆ, 27.5ಕ್ಕೆ 100. ಕಂಪನಿಯವರು ಹೇಳುವುದಕ್ಕಿಂತ ಇದು ತುಸು ಜಾಸ್ತಿಯೇ ಇರಬಹುದು, ಇರಲಿ. ಬಾಟಲಿಯನ್ನು ಸುರಿಯುವ ಕ್ಷಣದ ತನಕ ಅಲುಗಾಡಿಸುತ್ತಲೇ ಇರಬೇಕು. ತೂತು ಮುಚ್ಚುವ ಕಣಗಳು ತಳಕ್ಕೆ ಕೂರುತ್ತವೆ. ಅಲುಗಾಡಿಸಿ ಪಕ್ಕಕ್ಕಿಟ್ಟು ಫೋನ್ ಎತ್ತಿದಿರೋ, ಆಮೇಲೆ ಟಯರಿಗೆ ಹೋಗೋದು ಬರೀ ಮೇಲಿನ ನೀರು. ದಪ್ಪ ಕಣಗಳಿರುವ ಸೀಲಂಟನ್ನು ವಾಲ್ವ್ ಮೂಲಕ ತುಂಬಬೇಡಿ, ಕಟ್ಟಿಕೊಳ್ಳುತ್ತದೆ. ಟಯರಿನ ಅಂಚನ್ನು ರಿಮ್ಮಿನಿಂದ ಒಂದು ಗೇಣು ಬಿಡಿಸಿ ನೇರ ಸುರಿಯಿರಿ. ಒಂದು ಕಂಪನಿಯದ್ದಕ್ಕೆ ಇನ್ನೊಂದರದ್ದು ಬೆರೆಸುವುದೂ ಬೇಡ. ಕೆಲವು ಕೂಡಿದ ತಕ್ಷಣ ಗಡ್ಡೆಯಾಗುತ್ತವೆ.

ಒಳಗೆ ಎಷ್ಟು ಉಳಿದಿದೆ ಅಂತ ನೋಡಲು ಟಯರ್ ಬಿಚ್ಚಬೇಕಿಲ್ಲ. ಗಾಲಿಯನ್ನು ನೆಲಕ್ಕೆ ತಾಗದಂತೆ ಎತ್ತಿ ಇಡಿ. ಹವಾ ಬಿಡುವಾಗ ವಾಲ್ವ್ ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿರಲಿ, ಇಲ್ಲದಿದ್ದರೆ ಅಂಗಿಯ ಮೇಲೆ ಸಿಡಿಯುತ್ತದೆ. ಈ ಸೀಲಂಟ್ ಕಲೆ ಹೋಗಲ್ಲ. ಹವಾ ಪೂರ್ತಿ ಹೋದ ಮೇಲೆ ವಾಲ್ವಿನ ಒಳಗೆ ಹವಾ ತಡೆಯುವ ಸಣ್ಣ ಪಿನ್, ಅಂದರೆ ಕೋರ್ ತೆಗೆದು, ವಾಲ್ವನ್ನು ಆರು ಗಂಟೆಯ ಜಾಗಕ್ಕೆ ತಂದು ಐದು ನಿಮಿಷ ಬಿಡಿ. ದ್ರವವೆಲ್ಲ ಕೆಳಗೆ ಇಳಿಯುತ್ತದೆ. ಆಮೇಲೆ ವೈರ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಒಂದನ್ನು ಒಳಗೆ ಇಳಿಸಿ ತೆಗೆಯಿರಿ. ತುದಿ ಒದ್ದೆಯಾಗಿ, ತೊಟ್ಟಿಕ್ಕುವಂತೆ ಬಂದರೆ ಚಿಂತೆಯಿಲ್ಲ. ಅಂಟಂಟು ಎಳೆ ಬಂದರೆ ಅಥವಾ ಒಣಗಿಯೇ ಬಂದರೆ 50-60 ಎಂಎಲ್ ಸೇರಿಸಿ. ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿಕೊಂಡರೆ ಸಾಕು; ದಪ್ಪ ಕಣಗಳದ್ದಾದರೆ ಮಾತ್ರ ಮೊದಲಿನಂತೆ ಅಂಚು ಬಿಡಿಸಿಯೇ ಸುರಿಯಿರಿ. ಇದಕ್ಕೇ ಅಂತ ಮಾರುವ ದುಬಾರಿ ಸಾಮಾನು ಬೇಕಿಲ್ಲ.

ನಮ್ಮೂರ ಶರಣಬಸವೇಶ್ವರ ಜಾತ್ರೆ ಮುಗಿದು ಬೇಸಿಗೆ ಶುರುವಾದಾಗಿನಿಂದ ಜೂನಿನ ಮಿರಗ (ಮೃಗಶಿರ) ಮಳೆ ಬೀಳುವ ತನಕ ತಿಂಗಳಿಗೊಮ್ಮೆ ನೋಡಿ. ಮಳೆಗಾಲ, ಚಳಿಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ರಜೆಗೆ ಊರಿಗೆ ಹೋಗುವ ಕಾಲೇಜು ಹುಡುಗರು ಸೈಕಲ್ಲನ್ನು ನೆರಳಿನಲ್ಲಿಟ್ಟು ಹೋಗಿ. ವಾರಕ್ಕೊಮ್ಮೆ ಗಾಲಿ ತಿರುಗಿಸಲು ಯಾರಿಗಾದರೂ ಹೇಳಿ ಹೋದರೆ ಇನ್ನೂ ಒಳ್ಳೆಯದು. ನಿಂತಲ್ಲೇ ನಿಂತರೆ ಮೇಲಿನ ಅರ್ಧ ಗೋಡೆಗೆ ದ್ರವ ತಲುಪದೆ ಹವಾ ಸೋರುತ್ತದೆ.

ಸೀಲಂಟಿನಿಂದ ಆಗದ್ದೂ ಇದೆ. ಸೋಪಿನ ನೀರು ಹಚ್ಚಿದಾಗ ಕಡ್ಡಿಗಳ ಬುಡದಲ್ಲಿ ಗುಳ್ಳೆ ಬಂದರೆ ಅದು ರಿಮ್ ಟೇಪಿನ, ಅಂದರೆ ರಿಮ್ಮಿನೊಳಗೆ ಕಡ್ಡಿಯ ತೂತುಗಳ ಮೇಲೆ ಅಂಟಿಸಿದ ಪಟ್ಟಿಯ ದೋಷ. ಎಷ್ಟು ಸುರಿದರೂ ದಂಡ. ಟೇಪ್ ಬದಲಿಸಿ.

ದಾರಿಯಲ್ಲಿ ಕೈಕೊಟ್ಟು ಕೊನೆಗೆ ಟ್ಯೂಬ್ ಹಾಕಲೇಬೇಕಾಯಿತು ಅಂತಿಟ್ಟುಕೊಳ್ಳಿ. ಆಗ ಬಹಳ ಜನ ಒಂದು ಕಡೆ ಎಡವುತ್ತಾರೆ. ಟ್ಯೂಬ್‌ಲೆಸ್ ಟಯರಿನಲ್ಲಿ ಮುರಿದು ಉಳಿದ ಜಾಲಿ ಮುಳ್ಳುಗಳು ಎಷ್ಟಿವೆ ಅಂತ ಸವಾರನಿಗೇ ಗೊತ್ತಿರಲ್ಲ. ಸೀಲಂಟ್ ಅವನ್ನು ಸುಮ್ನೆ ಮುಚ್ಚಿಕೊಂಡು ಬಂದಿರುತ್ತದೆ. ಹಾಗೇ ಟ್ಯೂಬ್ ತುರುಕಿದರೆ ನೂರು ಗಜ ಹೋಗುವಷ್ಟರಲ್ಲಿ ಮತ್ತೆ ಪಂಚರ್. ಬೆರಳು ಹಾಕಿ ತಡಕಬೇಡಿ, ಕೈಗೆ ಚುಚ್ಚುತ್ತವೆ. ಹಳೆ ಬಟ್ಟೆಯನ್ನು ಒಳಮೈ ಉದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಇಕ್ಕಳದಿಂದ ಹೊರಗಿನಿಂದಲೇ ಕಿತ್ತು ತೆಗೆಯಿರಿ, ಆಗದಿದ್ದರೆ ಒಳಗಿನಿಂದ ಮೊನೆ ಮುರಿದುಹಾಕಿ.