ಖಾಲಿ ಆಕಾಶಕ್ಕೆ ಗುರಿಯಿಟ್ಟ ಪೈಲಟ್

1942ರ ಜೂನ್ 3ರಂದು ಲಿಬಿಯಾದ ಬೀರ್ ಹಕೀಮ್ ಬಳಿ ದಕ್ಷಿಣ ಆಫ್ರಿಕಾ ವಾಯುಪಡೆಯ ಟೊಮಾಹಾಕ್ ಯುದ್ಧವಿಮಾನಗಳು ಆತ್ಮರಕ್ಷಣೆಗಾಗಿ ವೃತ್ತಾಕಾರದಲ್ಲಿ ಸುತ್ತತೊಡಗಿದವು. ಈ ವೃತ್ತದಲ್ಲಿ ಪ್ರತಿ ವಿಮಾನವೂ ತನ್ನ ಮುಂದಿನದರ ಬಾಲವನ್ನು ಕಾಯುತ್ತದೆ. ಯಾರದೇ ಹಿಂದೆ ಬಿದ್ದ ಶತ್ರು, ಅವನ ಹಿಂದಿರುವವನ ಗುಂಡಿಗೆ ಸಿಗುತ್ತಾನೆ. ಹ್ಯಾನ್ಸ್-ಯೋಆಕಿಮ್ ಮಾರ್ಸೈ ಎಂಬ 22 ವರ್ಷದ ಜರ್ಮನ್ ಪೈಲಟ್ ಆ ವೃತ್ತದೊಳಕ್ಕೇ ನುಗ್ಗಿ, 11 ನಿಮಿಷಗಳಲ್ಲಿ ಆರು ವಿಮಾನ ಉರುಳಿಸಿದ್ದಾಗಿ ವರದಿ ಕೊಟ್ಟ. ಅವನು ಬಳಸಿದ್ದು ಬಹಳ ಕಷ್ಟದ ಒಂದು ಜ್ಯಾಮಿತಿ.

ಲೆಕ್ಕ ಹಾಕಿ ನೋಡೋಣ. ಗುರಿಯ ವಿಮಾನ ಗಂಟೆಗೆ 400 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 111 ಮೀಟರಿನಂತೆ, ಅಡ್ಡಡ್ಡ ಹಾಯುತ್ತಿದೆ. ದೂರ 200 ಮೀಟರ್. ಗುಂಡು ಅಷ್ಟು ದೂರ ಹೋಗಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಗುರಿ 28 ಮೀಟರ್ ಮುಂದೆ ಸರಿದಿರುತ್ತದೆ. ಅದು ಟೊಮಾಹಾಕ್‌ನ ಉದ್ದದ ಸುಮಾರು ಮೂರು ಪಟ್ಟು. ಹಾಗಾಗಿ ಗುಂಡು ಹಾರಿಸಬೇಕಾದದ್ದು ವಿಮಾನದ ಮುಂದಿರುವ ಖಾಲಿ ಜಾಗಕ್ಕೆ. ಪೈಲಟ್‌ಗಳು ಇದನ್ನು ಡಿಫ್ಲೆಕ್ಷನ್ ಶೂಟಿಂಗ್ ಎನ್ನುತ್ತಾರೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಲೆಕ್ಕ 11 ಮೀಟರ್ ತಪ್ಪುತ್ತದೆ, ಇಡೀ ವಿಮಾನವೇ ತಪ್ಪಿಸಿಕೊಳ್ಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಾರ್ಸೈ ಹಾರಿಸುತ್ತಿದ್ದ ಮೆಸ್ಸರ್‌ಶ್ಮಿಟ್ 109 ಎಫ್-4ರ 20 ಮಿ.ಮೀ. ಕ್ಯಾನನ್ ಸೆಕೆಂಡಿಗೆ ಸುಮಾರು 12 ಶೆಲ್ ಹಾರಿಸುತ್ತಿತ್ತು. ಎರಡು ಶೆಲ್‌ಗಳ ನಡುವಿನ ಅವಧಿಯಲ್ಲಿ ಅಡ್ಡ ಹಾಯುವ ಗುರಿ ಒಂಬತ್ತು ಮೀಟರ್ ದಾಟುತ್ತದೆ. ಬಂದೂಕು ಅಲುಗದೆ ನಿಂತಿದ್ದರೆ, ಗುರಿ ಎಷ್ಟೇ ಸರಿಯಿದ್ದರೂ ಒಂದೋ ಎರಡೋ ಶೆಲ್ ತಾಗೀತು, ಅಷ್ಟೇ. ಹೆಚ್ಚು ಗುಂಡು ತಾಗಬೇಕಾದರೆ ಹೊಡೆಯುವವನೂ ಗುರಿಯ ಜೊತೆಜೊತೆಗೇ, ಅದಕ್ಕಿಂತ ಬಿಗಿಯಾಗಿ ತಿರುಗಬೇಕು. ಹಾಗೆ ತಿರುಗಿದಾಗ ಗುರಿಯ ಮುಂದಕ್ಕೆ ಚಾಚಬೇಕಾದ ಕೋನ ಸುಮಾರು 8 ಡಿಗ್ರಿ ಆಗುವುದರಿಂದ, ಗುರಿಯ ವಿಮಾನ ಹೊಡೆಯುವವನ ವಿಮಾನದ ಉದ್ದ ಮೂತಿಯ ಕೆಳಗೆ ಮರೆಯಾಗುತ್ತದೆ. ಟ್ರಿಗರ್ ಒತ್ತುವ ಹೊತ್ತಿಗೆ ಶತ್ರು ಕಣ್ಣಿಗೇ ಬೀಳುವುದಿಲ್ಲ. ಬಹುತೇಕ ಪೈಲಟ್‌ಗಳು ನೇರ ಹಿಂದಿನಿಂದ, ತೀರಾ ಹತ್ತಿರ ಹೋಗಿ ಹೊಡೆಯಲು ಬಯಸುತ್ತಿದ್ದುದು ಇದಕ್ಕೇ.

ಬಿಗಿಯಾಗಿ ತಿರುಗಲು ಮಾರ್ಸೈ ಥ್ರಾಟಲ್ ಇಳಿಸಿ ವೇಗ ಕಳೆದುಕೊಳ್ಳುತ್ತಿದ್ದ. ವೇಗವೇ ಪ್ರಾಣ ಎಂದು ಕಲಿತ ಪೈಲಟ್‌ಗಳಿಗೆ ಇದು ಹುಚ್ಚಾಟದಂತೆ ಕಾಣುತ್ತಿತ್ತು. ಆದರೆ ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಗುಣ. ಗುರುತ್ವದ ಮೂರು ಪಟ್ಟು ಹೊರೆಯಲ್ಲಿ, ಗಂಟೆಗೆ 400 ಕಿ.ಮೀ. ವೇಗದಲ್ಲಿ ತ್ರಿಜ್ಯ ಸುಮಾರು 445 ಮೀಟರ್, 300 ಕಿ.ಮೀ.ಗೆ ಇಳಿಸಿದರೆ 250 ಮೀಟರ್. ವೇಗ ಇನ್ನೂ ಇಳಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಬಿಟ್ಟುಹೋಗಿ ವಿಮಾನ ಕುಸಿಯುತ್ತದೆ. ಇದನ್ನು ತಡೆಯಲೆಂದೇ 109ರ ರೆಕ್ಕೆಯ ಮುಂಅಂಚಿನಲ್ಲಿ ತಾವಾಗಿಯೇ ತೆರೆದುಕೊಳ್ಳುವ ಸ್ಲ್ಯಾಟ್ ಎಂಬ ಪಟ್ಟಿಗಳಿದ್ದವು. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವ, ರೆಕ್ಕೆಯ ಹಿಂಅಂಚಿನ ಫ್ಲ್ಯಾಪ್‌ಗಳನ್ನು ಮಾತ್ರ ಆಸನದ ಎಡಬದಿಯ ಚಕ್ರವನ್ನು ಕೈಯಿಂದ ತಿರುಗಿಸಿ ಇಳಿಸಬೇಕಿತ್ತು. ಕಾಳಗದ ನಡುವೆ ಅದಕ್ಕೂ ಒಂದು ಕೈ ಕೊಡಬೇಕು.

ಬಂದೂಕುಗಳ ಜೋಡಣೆಯೂ ಅವನಿಗೆ ನೆರವಾಯಿತು. ಕ್ಯಾನನ್ ಗುಂಡು ಪ್ರೊಪೆಲರ್‌ನ ಟೊಳ್ಳು ಗುಂಬದ ಮೂಲಕ ಹೊರಬರುತ್ತಿತ್ತು, ಎರಡು 7.92 ಮಿ.ಮೀ. ಮೆಷಿನ್ ಗನ್‌ಗಳು ಎಂಜಿನ್ನಿನ ಮೇಲೆಯೇ ಇದ್ದವು. ಎದುರಾಳಿಗಳ ಹರಿಕೇನ್, ಟೊಮಾಹಾಕ್‌ಗಳಲ್ಲಿ ರೆಕ್ಕೆಯ ಬಂದೂಕುಗಳ ಗುಂಡುಗಳು ಮೊದಲೇ ಹೊಂದಿಸಿಟ್ಟ ಒಂದು ದೂರದಲ್ಲಿ ಮಾತ್ರ ಕೂಡುತ್ತವೆ. 109ರಲ್ಲಿ ಆ ತೊಂದರೆ ಇಲ್ಲ. ಆದರೆ ಕ್ಯಾನನ್ನಿಗೆ 200 ಶೆಲ್ ಮಾತ್ರ, ಎಡೆಬಿಡದೆ ಹಾರಿಸಿದರೆ ಹದಿನಾರು-ಹದಿನೇಳು ಸೆಕೆಂಡಿಗೆ ಖಾಲಿ.

ಈ ಕಲೆ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. 1940ರಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಏಳು ಗೆಲುವು ದಾಖಲಿಸಿದನಾದರೂ ತನ್ನದೇ ಹಲವು ವಿಮಾನಗಳನ್ನು ಕಳೆದುಕೊಂಡಿದ್ದ, ಶಿಸ್ತಿಲ್ಲದವನೆಂದು ಹೆಸರು ಕೆಡಿಸಿಕೊಂಡಿದ್ದ. 1941ರ ಏಪ್ರಿಲ್‌ನಲ್ಲಿ ಜೆಜಿ 27 ಎಂಬ ಜರ್ಮನ್ ಯುದ್ಧವಿಮಾನ ದಳದೊಂದಿಗೆ ಆಫ್ರಿಕಾಕ್ಕೆ ಬಂದ ಮೇಲೆ ಕಮಾಂಡರ್ ಎಡುವರ್ಡ್ ನಾಯ್ಮನ್ ಅವನಿಗೆ ಕಲಿಯಲು ಕಾಲಾವಕಾಶ ಕೊಟ್ಟರು. ಕಾರ್ಯಾಚರಣೆ ಮುಗಿಸಿ ಮರಳುವಾಗ ಮಾರ್ಸೈ ತನ್ನ ಸಂಗಾತಿಗಳ ವಿಮಾನಗಳ ಮೇಲೆಯೇ ಹುಸಿ ದಾಳಿ ಮಾಡಿ, ಬೇರೆಬೇರೆ ಕೋನಗಳಿಂದ ಗುರಿ ಹಿಡಿಯುವುದನ್ನು ರೂಢಿಸಿಕೊಂಡ.

ಅವನ ಹೆಸರಿನಲ್ಲಿರುವ ಒಟ್ಟು ಗೆಲುವು 158. 1942ರ ಸೆಪ್ಟೆಂಬರ್ 1ರ ಒಂದೇ ದಿನಕ್ಕೆ 17. ಇವು ಗೆದ್ದವನ ಕಡೆಯ ವರದಿಗಳು. ಧೂಳು, ಹೊಗೆಯ ನಡುವೆ ಎಲ್ಲ ದೇಶಗಳ ಪೈಲಟ್‌ಗಳೂ ಹೆಚ್ಚು ಎಣಿಸಿದ್ದಾರೆ, ಹಾಗಾಗಿ ಎದುರಾಳಿಯ ನಷ್ಟದ ದಾಖಲೆಯೊಂದಿಗೆ ಹೋಲಿಸಿಯೇ ಇವನ್ನು ಓದಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೊಂದು ಸಂಖ್ಯೆ: ಈ 158ರಲ್ಲಿ ಬಾಂಬರ್‌ಗಳು ನಾಲ್ಕೇ. ಆಫ್ರಿಕಾದ ಜರ್ಮನ್ ಸೇನಾಪತಿ ರೊಮೆಲ್‌ನ ಸೇನೆಯನ್ನೂ ಅದರ ಸರಬರಾಜನ್ನೂ ಜಜ್ಜುತ್ತಿದ್ದುದು ಬಾಂಬರ್‌ಗಳು. ನಾತ್ಸಿ ಪ್ರಚಾರಯಂತ್ರ ಅವನನ್ನು ಮೆರೆಸಿತು, ಹಿಟ್ಲರ್ ಪದಕ ತೊಡಿಸಿದ. ನೆಲದ ಯುದ್ಧದ ದಿಕ್ಕು ಮಾತ್ರ ಬದಲಾಗಲಿಲ್ಲ.

1942ರ ಸೆಪ್ಟೆಂಬರ್ 30ರಂದು ಅವನು ಹೊಸ 109 ಜಿ-2 ಹಾರಿಸುತ್ತಿದ್ದ. ಶತ್ರುವಿನ ಗುಂಡು ತಾಗಿರಲಿಲ್ಲ. ಎಂಜಿನ್ನಿನ ಗೇರು ಹಲ್ಲುಗಳು ಮುರಿದು, ಸೋರಿದ ಎಣ್ಣೆಗೆ ಬೆಂಕಿ ಹತ್ತಿ, ಕಾಕ್‌ಪಿಟ್ ಹೊಗೆಯಿಂದ ತುಂಬಿತು. ಕಣ್ಣು ಕಾಣದ ಅವನನ್ನು ಸಂಗಾತಿಗಳು ರೇಡಿಯೊದಲ್ಲಿ ದಾರಿ ಹೇಳುತ್ತ ಈಜಿಪ್ಟಿನ ಸಿದಿ ಅಬ್ದೆಲ್ ರಹಮಾನ್ ಬಳಿಯ ಜರ್ಮನ್ ಹಿಡಿತದ ನೆಲದ ಮೇಲಕ್ಕೆ ಕರೆತಂದರು.

109ರಿಂದ ಜಿಗಿಯುವ ಕ್ರಮ ಹೀಗಿತ್ತು: ಮುಚ್ಚಳ ಕಳಚಿ, ವಿಮಾನವನ್ನು ಅಂಗಾತ ಮಗುಚಿ, ಬೆಲ್ಟ್ ಬಿಚ್ಚಿ ಕೆಳಕ್ಕೆ ಬೀಳುವುದು. ಮಗುಚಿದ ವಿಮಾನದ ಮೂತಿ ಕ್ಷಿತಿಜದಿಂದ ಕೆಳಗಿಳಿಯದಂತೆ ಹಿಡಿಯದಿದ್ದರೆ ಅದು ಕಡಿದಾಗಿ ಧುಮುಕಿ ವೇಗ ಏರುತ್ತದೆ, ಹೊರಬಿದ್ದವನನ್ನು ಗಾಳಿ ಬಾಲದ ಕಡೆಗೆ ಎಸೆಯುತ್ತದೆ. ಹೊಗೆಯಲ್ಲಿ ಕ್ಷಿತಿಜ ಕಾಣದ ಮಾರ್ಸೈಗೆ ಆದದ್ದು ಅದೇ. ಅವನ ದೇಹ ಬಾಲದ ಲಂಬ ರೆಕ್ಕೆಗೆ ಬಡಿಯಿತು, ಪ್ಯಾರಾಚೂಟ್ ತೆರೆಯಲೇ ಇಲ್ಲ. ಜಿ-2ರಲ್ಲಿದ್ದ ಡಿಬಿ 605 ಎಂಜಿನ್ ಆರಂಭದ ದಿನಗಳಲ್ಲಿ ಎಣ್ಣೆ ಮತ್ತು ಬೇರಿಂಗಿನ ತೊಂದರೆಗಳಿಂದ ಬಳಲುತ್ತಿತ್ತು; ಅದನ್ನು ಪೂರ್ಣ ಶಕ್ತಿಯಲ್ಲಿ ಓಡಿಸಲು 1943ರವರೆಗೂ ಅನುಮತಿ ಸಿಗಲಿಲ್ಲ.